ನಿದ್ದೆ ಮಾಡುವ ಪ್ರಿಂಟರ್

ಮಕ್ಕಳೇ, ನಿಮ್ಮ ಶಾಲೆಯ ಕಚೇರಿಯಲ್ಲೋ, ಗ್ರಾಮ ಪಂಚಾಯಿತಿಯಲ್ಲೋ, ಊರಿನ ಜೆರಾಕ್ಸ್ ಅಂಗಡಿಯಲ್ಲೋ ಲೇಸರ್ ಪ್ರಿಂಟರ್ ನೋಡಿದ್ದೀರಿ ಅಲ್ಲವೇ? ಅದರಿಂದ ಆಗತಾನೆ ಹೊರಬಂದ ಹಾಳೆಯನ್ನು ಮುಟ್ಟಿ ನೋಡಿ. ಬೆಚ್ಚಗಿರುತ್ತದೆ. ನೀವು ಪೆನ್ನಿನಲ್ಲಿ ಬರೆದಾಗ ಹಾಳೆ ಬೆಚ್ಚಗಾಗುವುದಿಲ್ಲ. ಹಾಗಾದರೆ ಪ್ರಿಂಟರಿನ ಹಾಳೆಗೆ ಆ ಬಿಸಿ ಎಲ್ಲಿಂದ ಬಂತು?

ಇನ್ನೊಂದು ಸಂಗತಿಯನ್ನೂ ಗಮನಿಸಿ. ಪ್ರಿಂಟರನ್ನು ಸ್ವಲ್ಪ ಹೊತ್ತು ಯಾರೂ ಬಳಸದಿದ್ದರೆ ಅದರ ದೀಪ ಮಂಕಾಗುತ್ತದೆ. ಫ್ಯಾನಿನ ಸದ್ದು ನಿಲ್ಲುತ್ತದೆ. "ಪ್ರಿಂಟರ್ ಮಲಗಿದೆ" ಎನ್ನುತ್ತಾರೆ ಕಚೇರಿಯವರು. ಯಂತ್ರವೂ ಮಲಗುತ್ತದೆಯೇ? ಅದು ಮಲಗಿದರೆ ನಮಗೇನು ಲಾಭ?

ಈ ಎರಡು ಪ್ರಶ್ನೆಗಳಿಗೂ ಹತ್ತಿರದ ಸಂಬಂಧವಿದೆ. ಬನ್ನಿ, ತಿಳಿಯೋಣ.

ಮೊದಲು ಒಂದು ಪ್ರಯೋಗ

ಬೇಕಾಗುವ ವಸ್ತುಗಳು: ಒಂದು ಪ್ಲಾಸ್ಟಿಕ್ ಸ್ಕೇಲು, ಉಣ್ಣೆ ಅಥವಾ ಒಣ ಬಟ್ಟೆಯ ತುಂಡು, ಸ್ವಲ್ಪ ಸೀಮೆಸುಣ್ಣದ ಪುಡಿ.

ಸೀಮೆಸುಣ್ಣದ ಪುಡಿಯನ್ನು ಕಾಗದದ ಮೇಲೆ ತೆಳ್ಳಗೆ ಹರಡಿ. ಸ್ಕೇಲನ್ನು ಬಟ್ಟೆಯಿಂದ ಇಪ್ಪತ್ತು ಮೂವತ್ತು ಬಾರಿ ಜೋರಾಗಿ ಉಜ್ಜಿ. ಉಜ್ಜಿದ ಭಾಗವನ್ನು ಪುಡಿಯ ಹತ್ತಿರ ತನ್ನಿ. ಪುಡಿ ಹಾರಿ ಬಂದು ಸ್ಕೇಲಿಗೆ ಅಂಟಿಕೊಳ್ಳುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾಗಿರುವ ಮಳೆಗಾಲದಲ್ಲಿ ಈ ಪ್ರಯೋಗ ಸರಿಯಾಗಿ ಆಗದಿರಬಹುದು. ಒಣ ಹವೆಯ ದಿನ ಮಾಡಿ.

ಉಜ್ಜಿದಾಗ ಸ್ಕೇಲಿನ ಮೇಲೆ ವಿದ್ಯುದಾವೇಶ ಉಂಟಾಯಿತು. ಅದು ಪುಡಿಯನ್ನು ಸೆಳೆದುಕೊಂಡಿತು. ಇದೇ ಸ್ಥಾಯಿ ವಿದ್ಯುತ್ತು. ಈಗ ಅಂಟಿಕೊಂಡ ಪುಡಿಯನ್ನು ಬೆರಳಿನಿಂದ ಒರೆಸಿ. ಸುಲಭವಾಗಿ ಹೋಗಿಬಿಡುತ್ತದೆ. ಇದನ್ನು ನೆನಪಿನಲ್ಲಿಡಿ. ಸ್ಥಾಯಿ ವಿದ್ಯುತ್ತು ಪುಡಿಯನ್ನು ಹಿಡಿದುಕೊಳ್ಳಬಲ್ಲದು, ಆದರೆ ಗಟ್ಟಿಯಾಗಿ ಕೂರಿಸಲಾರದು.

ಕಾರ್ಲ್‌ಸನ್ ಮಾಡಿದ್ದೇನು?

ಚೆಸ್ಟರ್ ಕಾರ್ಲ್‌ಸನ್ ಎಂಬುವರು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿದ್ದರು. ಪೇಟೆಂಟ್ ವಿಭಾಗದ ಕೆಲಸದಲ್ಲಿದ್ದ ಅವರಿಗೆ ಕಾಗದಪತ್ರಗಳ ಪ್ರತಿಗಳು ಪದೇ ಪದೇ ಬೇಕಾಗುತ್ತಿದ್ದವು. ಸುಲಭವಾಗಿ ಪ್ರತಿ ತೆಗೆಯುವ ದಾರಿಯನ್ನು ಅವರು ಹುಡುಕುತ್ತಿದ್ದರು. 1938ರ ಅಕ್ಟೋಬರ್ 22ರಂದು ಆಸ್ಟೋರಿಯಾ ಎಂಬಲ್ಲಿ ಅವರು ಮತ್ತು ಅವರ ಸಹಾಯಕ ಓಟ್ಟೋ ಕಾರ್ನೈ ಒಂದು ಪ್ರಯೋಗ ಮಾಡಿದರು.

ಗಂಧಕ ಲೇಪಿಸಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ಅದಕ್ಕೆ ವಿದ್ಯುದಾವೇಶ ನೀಡಿದರು. ದಿನಾಂಕ ಮತ್ತು ಊರಿನ ಹೆಸರು ಬರೆದ ಗಾಜಿನ ಪಟ್ಟಿಯನ್ನು ಅದರ ಮೇಲಿಟ್ಟು ಪ್ರಖರ ಬೆಳಕು ಬಿಟ್ಟರು. ಬೆಳಕು ಬಿದ್ದ ಕಡೆ ಆವೇಶ ಹೊರಟುಹೋಯಿತು. ಅಕ್ಷರದ ನೆರಳು ಇದ್ದ ಕಡೆ ಮಾತ್ರ ಉಳಿಯಿತು. ಮೇಲೆ ನಯವಾದ ಪುಡಿ ಉದುರಿಸಿ ಊದಿದಾಗ ಅಕ್ಷರದ ಆಕಾರದಲ್ಲಿ ಪುಡಿ ನಿಂತಿತ್ತು! ಅದನ್ನು ಮೇಣದ ಕಾಗದಕ್ಕೆ ಒತ್ತಿ, ಬಿಸಿ ಮಾಡಿದರು. ಮೇಣ ಕರಗಿ ಪುಡಿಯನ್ನು ಹಿಡಿದುಕೊಂಡಿತು.

ನೋಡಿದಿರಾ? ಮೊಟ್ಟಮೊದಲ ಪ್ರತಿಗೂ ಕೊನೆಯಲ್ಲಿ ಬಿಸಿ ಬೇಕಾಯಿತು. ಇಲ್ಲಿ ದ್ರವರೂಪದ ಶಾಯಿ ಇಲ್ಲ, ಎಲ್ಲವೂ ಒಣ ಪುಡಿಯ ಕೆಲಸ. ಗ್ರೀಕ್ ಭಾಷೆಯಲ್ಲಿ 'ಜೆರೋಸ್' ಎಂದರೆ ಒಣ ಎಂದರ್ಥ. ಅದರಿಂದಲೇ 'ಜೆರಾಕ್ಸ್' ಎಂಬ ಹೆಸರು ಬಂತು.

ಜೆರಾಕ್ಸ್ 914 ಎಂಬ ಯಂತ್ರ 1959ರಲ್ಲಿ ಬಂತು. ಅದರೊಳಗೆ ಎಷ್ಟು ಬಿಸಿ ಇತ್ತೆಂದರೆ, ಕೆಲವೊಮ್ಮೆ ಸಿಕ್ಕಿಕೊಂಡ ಕಾಗದಕ್ಕೆ ಬೆಂಕಿ ಹತ್ತಿಕೊಳ್ಳುತ್ತಿತ್ತು. ಆದ್ದರಿಂದ ಯಂತ್ರದ ಜೊತೆಗೆ ಬೆಂಕಿ ಆರಿಸುವ ಒಂದು ಸಣ್ಣ ಸಾಧನವನ್ನೂ ಕೊಡುತ್ತಿದ್ದರು. ಮುಂದೆ ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ಎಂಜಿನಿಯರ್ 1971ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ, ಇಂತಹದೇ ಒಂದು ಜೆರಾಕ್ಸ್ ಯಂತ್ರಕ್ಕೆ ಲೇಸರ್ ಕಿರಣದಿಂದ ಬರೆಯುವುದನ್ನು ಕಲಿಸಿದರು. ಲೇಸರ್ ಪ್ರಿಂಟರ್ ಹುಟ್ಟಿದ್ದು ಹೀಗೆ.

ಪ್ರಿಂಟರಿನ ಹೊಟ್ಟೆಯಲ್ಲೊಂದು ಕಾವಲಿ

ಇಂದಿನ ಲೇಸರ್ ಪ್ರಿಂಟರಿನಲ್ಲಿ ಒಂದು ಉರುಳೆ ಇರುತ್ತದೆ. ಲೇಸರ್ ಕಿರಣ ಅದರ ಮೇಲೆ ಅಕ್ಷರಗಳನ್ನು ಬರೆಯುತ್ತದೆ. ಬರೆದ ಜಾಗಕ್ಕೆ ಟೋನರ್ ಪುಡಿ ಅಂಟಿಕೊಳ್ಳುತ್ತದೆ. ಅಲ್ಲಿಂದ ಪುಡಿ ಕಾಗದಕ್ಕೆ ದಾಟುತ್ತದೆ. ಟೋನರ್ ಎಂದರೆ ಬಹಳ ನುಣುಪಾದ ಪ್ಲಾಸ್ಟಿಕ್ ಪುಡಿ. ಕಪ್ಪು ಟೋನರಿನಲ್ಲಿ ಸಾಮಾನ್ಯವಾಗಿ ಇಂಗಾಲದ ಮಸಿಯನ್ನು ಬೆರೆಸಿರುತ್ತಾರೆ.

ಈ ಹಂತದಲ್ಲಿ ಕಾಗದವನ್ನು ಹೊರಗೆಳೆದರೆ ಅಕ್ಷರಗಳು ಬೆರಳಿಗೆ ಒರೆಸಿಹೋಗುತ್ತವೆ, ನಿಮ್ಮ ಸ್ಕೇಲಿನ ಮೇಲಿನ ಸೀಮೆಸುಣ್ಣದಂತೆಯೇ. ಆದ್ದರಿಂದ ಕೊನೆಯಲ್ಲಿ ಕಾಗದವು ಎರಡು ಉರುಳೆಗಳ ನಡುವೆ ಹಾದುಹೋಗುತ್ತದೆ. ಬಿಸಿಯೂ ಒತ್ತಡವೂ ಸೇರಿ ಪುಡಿಯನ್ನು ಕರಗಿಸಿ ಕಾಗದದ ನಾರುಗಳಿಗೆ ಅಂಟಿಸುತ್ತವೆ. ಈ ಭಾಗದ ಹೆಸರು 'ಫ್ಯೂಸರ್'. ಅದರ ಬಿಸಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್. ನೀರು ಕುದಿಯುವುದು 100 ಡಿಗ್ರಿಯಲ್ಲಿ ಎಂಬುದನ್ನು ನೆನೆಸಿಕೊಂಡರೆ ಇದು ಎಷ್ಟು ಬಿಸಿ ಎಂದು ತಿಳಿಯುತ್ತದೆ. ಲೇಸರ್ ಪ್ರಿಂಟರಿನಲ್ಲಿ ಅತಿ ಹೆಚ್ಚು ವಿದ್ಯುತ್ ಬಳಸುವುದು ಈ ಫ್ಯೂಸರೇ. ಅಕ್ಷರ ಬರೆಯುವ ಲೇಸರಿಗೆ ಬೇಕಾಗುವುದು ತೀರಾ ಕಡಿಮೆ.

ದೋಸೆ ಹೋಟೆಲನ್ನು ನೆನಪಿಸಿಕೊಳ್ಳಿ. ದೋಸೆ ಹುಯ್ಯಲು ಕಾವಲಿ ಕಾದಿರಬೇಕು. ನಿಮ್ಮ ಕಡೆ ಇದನ್ನು ಹಂಚು ಎನ್ನಬಹುದು. ಗಿರಾಕಿ ಬಂದ ಮೇಲೆ ಒಲೆ ಹಚ್ಚಿದರೆ ಅವರು ಕಾಯಬೇಕಾಗುತ್ತದೆ. ಆದ್ದರಿಂದ ಗಿರಾಕಿ ಇರಲಿ ಇಲ್ಲದಿರಲಿ ಕಾವಲಿ ಒಲೆಯ ಮೇಲೆ ಬಿಸಿಯಾಗಿಯೇ ಇರುತ್ತದೆ. ದೋಸೆ ಇಲ್ಲದಿದ್ದರೂ ಇಂಧನ ಉರಿಯುತ್ತಲೇ ಇರುತ್ತದೆ.

ಪ್ರಿಂಟರ್ "ಸಿದ್ಧ" ಎಂದು ತೋರಿಸುತ್ತಾ ಸುಮ್ಮನೆ ಕುಳಿತಿರುವಾಗ ಆಗುವುದೂ ಇದೇ. ಫ್ಯೂಸರ್ ತಣ್ಣಗಾಗದಂತೆ ಅದು ಆಗಾಗ ವಿದ್ಯುತ್ ಎಳೆದುಕೊಳ್ಳುತ್ತಿರುತ್ತದೆ. ಆ ಬಿಸಿ ಯಾವ ಅಕ್ಷರವನ್ನೂ ಮೂಡಿಸುವುದಿಲ್ಲ. ಕೋಣೆಯ ಗಾಳಿಗೆ ಸೇರಿಹೋಗುತ್ತದೆ.

ಲೆಕ್ಕ ಹಾಕೋಣ

ಒಂದು ಕಚೇರಿಯನ್ನು ಊಹಿಸಿಕೊಳ್ಳಿ. ಅಲ್ಲಿನ ಹಳೆಯ ಮಾದರಿಯ ಪ್ರಿಂಟರಿಗೆ ಹೀಗೆ ವಿದ್ಯುತ್ ಬೇಕೆಂದು ಇಟ್ಟುಕೊಳ್ಳೋಣ.

ಮುದ್ರಿಸುವಾಗ: 400 ವ್ಯಾಟ್
ಸಿದ್ಧವಾಗಿ ಕಾಯುವಾಗ: 60 ವ್ಯಾಟ್
ನಿದ್ದೆಯಲ್ಲಿ: 3 ವ್ಯಾಟ್

ಇವು ಲೆಕ್ಕಕ್ಕೆ ಅನುಕೂಲವಾಗಲೆಂದು ತೆಗೆದುಕೊಂಡ ಅಂಕಿಗಳು. ಒಂದೊಂದು ಪ್ರಿಂಟರಿಗೆ ಇವು ಒಂದೊಂದು ರೀತಿ ಇರುತ್ತವೆ. ಯಂತ್ರದ ಜೊತೆ ಬರುವ ಕೈಪಿಡಿಯಲ್ಲಿ ಇವನ್ನು ಕೊಟ್ಟಿರುತ್ತಾರೆ.

ಕಚೇರಿ ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ ತೆರೆದಿರುತ್ತದೆ. ಅಂದರೆ 450 ನಿಮಿಷ. ದಿನಕ್ಕೆ 60 ಹಾಳೆ ಮುದ್ರಿಸುತ್ತಾರೆ. ನಿಮಿಷಕ್ಕೆ 20 ಹಾಳೆಯಂತೆ, ಮುದ್ರಣಕ್ಕೆ ಹಿಡಿಯುವ ಸಮಯ ಬರೀ 3 ನಿಮಿಷ! ಉಳಿದ 447 ನಿಮಿಷ ಪ್ರಿಂಟರ್ ಕಾಯುತ್ತಿರುತ್ತದೆ.

ಮುದ್ರಣಕ್ಕೆ: 400 × 3 = 1,200 ವ್ಯಾಟ್-ನಿಮಿಷ. ಇದನ್ನು 60ರಿಂದ ಭಾಗಿಸಿದರೆ 20 ವ್ಯಾಟ್-ಗಂಟೆ.

ಕಾಯುವುದಕ್ಕೆ: 60 × 447 = 26,820 ವ್ಯಾಟ್-ನಿಮಿಷ. ಅಂದರೆ 447 ವ್ಯಾಟ್-ಗಂಟೆ.

ಒಟ್ಟು: 467 ವ್ಯಾಟ್-ಗಂಟೆ.

ಕೆಲಸಕ್ಕೆ 20, ಕಾಯುವುದಕ್ಕೆ 447! ಒಂದು ದೋಸೆ ಹುಯ್ದು ಇಪ್ಪತ್ತೆರಡು ದೋಸೆಯ ಇಂಧನ ಸುಟ್ಟಂತಾಯಿತು.

ನಿದ್ದೆ ಎಂದರೇನು?

ನಿಗದಿ ಮಾಡಿದಷ್ಟು ಹೊತ್ತು ಕೆಲಸ ಬಾರದಿದ್ದರೆ ಪ್ರಿಂಟರ್ ತಾನಾಗಿಯೇ ಫ್ಯೂಸರಿಗೆ ವಿದ್ಯುತ್ ನಿಲ್ಲಿಸುತ್ತದೆ. ಫ್ಯಾನನ್ನೂ ಪರದೆಯ ದೀಪವನ್ನೂ ಆರಿಸುತ್ತದೆ. ಆದರೆ ಪೂರ್ತಿ ಆರಿಹೋಗುವುದಿಲ್ಲ. ಕಂಪ್ಯೂಟರಿನಿಂದ ಆದೇಶ ಬರುತ್ತದೆಯೇ ಎಂದು ಒಂದು ಸಣ್ಣ ಭಾಗ ಎಚ್ಚರವಾಗಿದ್ದು ಕಾಯುತ್ತಿರುತ್ತದೆ. ಮನೆಯಲ್ಲಿ ಅಜ್ಜಿ ಹಗಲು ಹೊತ್ತು ಒರಗಿಕೊಂಡು ಮಾಡುವ ಕೋಳಿ ನಿದ್ದೆಯಂತೆ. ಬಾಗಿಲು ಸದ್ದಾದರೆ ಸಾಕು, "ಯಾರು?" ಎನ್ನುತ್ತಾರೆ! ಆದೇಶ ಬಂದೊಡನೆ ಪ್ರಿಂಟರ್ ಎದ್ದು ಫ್ಯೂಸರನ್ನು ಮತ್ತೆ ಕಾಯಿಸಿ ಮುದ್ರಿಸುತ್ತದೆ.

ಈಗ ಅದೇ ಕಚೇರಿಯಲ್ಲಿ "5 ನಿಮಿಷದ ನಂತರ ನಿದ್ದೆ" ಎಂದು ನಿಗದಿ ಮಾಡೋಣ. ದಿನಕ್ಕೆ 12 ಸಲ ಮುದ್ರಣದ ಕೆಲಸ ಬರುತ್ತದೆ, ಪ್ರತಿ ಸಲವೂ ಪ್ರಿಂಟರ್ ನಿದ್ದೆಯಿಂದ ಏಳುತ್ತದೆ, ಏಳಲು ಅರ್ಧ ನಿಮಿಷ 400 ವ್ಯಾಟ್ ಬೇಕು ಎಂದುಕೊಳ್ಳಿ.

ಮುದ್ರಣ, 3 ನಿಮಿಷ: 20 ವ್ಯಾಟ್-ಗಂಟೆ
ಏಳುವುದು, 6 ನಿಮಿಷ: 40 ವ್ಯಾಟ್-ಗಂಟೆ
ಮುದ್ರಿಸಿದ ಮೇಲೆ ಎಚ್ಚರವಾಗಿ ಕಾಯುವುದು, 60 ನಿಮಿಷ: 60 ವ್ಯಾಟ್-ಗಂಟೆ
ನಿದ್ದೆ, 381 ನಿಮಿಷ: ಸುಮಾರು 19 ವ್ಯಾಟ್-ಗಂಟೆ
ಒಟ್ಟು: 139 ವ್ಯಾಟ್-ಗಂಟೆ

467 ಇದ್ದದ್ದು 139 ಆಯಿತು. ದಿನಕ್ಕೆ 328 ವ್ಯಾಟ್-ಗಂಟೆ ಉಳಿಯಿತು. 1,000 ವ್ಯಾಟ್-ಗಂಟೆಗೆ ಒಂದು ಯೂನಿಟ್. ವರ್ಷಕ್ಕೆ 300 ದಿನ ಕಚೇರಿ ನಡೆದರೆ ಸುಮಾರು 98 ಯೂನಿಟ್ ಉಳಿತಾಯ. ರಾಯಚೂರಿನ ಶಕ್ತಿನಗರದಲ್ಲಿರುವಂತಹ ಉಷ್ಣ ವಿದ್ಯುತ್ ಕೇಂದ್ರಗಳಲ್ಲಿ ಒಂದು ಯೂನಿಟ್ ವಿದ್ಯುತ್ ತಯಾರಿಸಲು ಅರ್ಧ ಕಿಲೋಗ್ರಾಮಿಗಿಂತ ಹೆಚ್ಚು ಕಲ್ಲಿದ್ದಲು ಬೇಕು. ಅಂದರೆ ಒಂದು ಪ್ರಿಂಟರ್ ಸರಿಯಾಗಿ ನಿದ್ದೆ ಮಾಡಿದರೆ ವರ್ಷಕ್ಕೆ ಸುಮಾರು ಒಂದು ಮೂಟೆ ಕಲ್ಲಿದ್ದಲು ಉಳಿಯುತ್ತದೆ. ಅಷ್ಟು ಹೊಗೆಯೂ ಬೂದಿಯೂ ಕಡಿಮೆಯಾಗುತ್ತವೆ.

ಎಷ್ಟು ನಿಮಿಷ ಇಡಬೇಕು?

ಹಾಗಾದರೆ ಮುದ್ರಿಸಿದ ತಕ್ಷಣವೇ ಮಲಗಿಸಿಬಿಡಬಹುದಲ್ಲ ಎಂದು ನೀವು ಕೇಳಬಹುದು. ಸ್ವಲ್ಪ ಯೋಚಿಸಿ.

ನಾಡಕಚೇರಿಯಲ್ಲಿ ಪಹಣಿಗಾಗಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ಜನ ಸಾಲಿನಲ್ಲಿ ನಿಂತಿದ್ದಾರೆ. ಎರಡು ನಿಮಿಷಕ್ಕೊಬ್ಬರ ಸರದಿ. ಪ್ರತಿಯೊಬ್ಬರಿಗೂ ಪ್ರಿಂಟರ್ ಮಲಗಿ ಏಳುತ್ತಿದ್ದರೆ ಒಬ್ಬೊಬ್ಬರೂ ಅರ್ಧ ನಿಮಿಷ ಹೆಚ್ಚು ಕಾಯಬೇಕು. ನಲವತ್ತು ಜನರಿದ್ದರೆ ಕೊನೆಯವರು 20 ನಿಮಿಷ ಹೆಚ್ಚು ನಿಲ್ಲಬೇಕಾಗುತ್ತದೆ. ಅವರು ಕೂಲಿ ಬಿಟ್ಟು ಬಂದವರಿರಬಹುದು, ಬಸ್ಸು ಹಿಡಿಯಬೇಕಾದ ಮುದುಕರಿರಬಹುದು. ಜನರಿಗೆ ತೊಂದರೆಯಾದರೆ ಸಿಬ್ಬಂದಿ "ಈ ನಿದ್ದೆಯೇ ಬೇಡ" ಎಂದು ಆ ಸೆಟ್ಟಿಂಗನ್ನೇ ತೆಗೆದುಹಾಕುತ್ತಾರೆ. ಆಗ ಇಡೀ ವರ್ಷದ ಉಳಿತಾಯ ಹೋಯಿತು.

ಇನ್ನೊಂದು ಕಾರಣವೂ ಇದೆ. ಏಳುವುದಕ್ಕೂ ವಿದ್ಯುತ್ ಬೇಕು. ನಮ್ಮ ಉದಾಹರಣೆಯಲ್ಲಿ ಒಮ್ಮೆ ಏಳಲು 400 × ½ = 200 ವ್ಯಾಟ್-ನಿಮಿಷ ಖರ್ಚು. ಎಚ್ಚರವಾಗಿರಲು ನಿದ್ದೆಗಿಂತ 60 − 3 = 57 ವ್ಯಾಟ್ ಹೆಚ್ಚು ಬೇಕು. 200ನ್ನು 57ರಿಂದ ಭಾಗಿಸಿದರೆ ಸುಮಾರು ಮೂರೂವರೆ ಬರುತ್ತದೆ. ಇದರ ಅರ್ಥವೇನು? ಮುಂದಿನ ಕೆಲಸ ಮೂರೂವರೆ ನಿಮಿಷದೊಳಗೆ ಬರುವುದಿದ್ದರೆ ಎಚ್ಚರವಾಗಿರುವುದೇ ಲಾಭ. ಅದಕ್ಕಿಂತ ತಡವಾಗುವುದಿದ್ದರೆ ಮಲಗುವುದೇ ಲಾಭ. ದೋಸೆ ಭಟ್ಟರು ಒಲೆ ಆರಿಸುವ ಮುನ್ನ ಬಾಗಿಲ ಕಡೆ ನೋಡುವುದು ಈ ಲೆಕ್ಕದಿಂದಲೇ!

ಪ್ರಿಂಟರಿಗೆ ಮುಂದಿನ ಕೆಲಸ ಯಾವಾಗ ಬರುತ್ತದೆಂದು ತಿಳಿಯದು. ಆದ್ದರಿಂದ ಈ ಉದಾಹರಣೆಯ ಪ್ರಿಂಟರಿಗೆ 5 ನಿಮಿಷ ಒಳ್ಳೆಯ ಮಧ್ಯದ ದಾರಿ. ಪ್ರತಿ ಹಾಳೆ ಮುದ್ರಿಸಿದಾಗಲೂ ಒಳಗಿನ ಗಡಿಯಾರ ಮತ್ತೆ ಸೊನ್ನೆಯಿಂದ ಎಣಿಸುತ್ತದೆ. ಹೀಗಾಗಿ ಸಾಲು ಇರುವಾಗ ಅದು ಮಲಗುವುದೇ ಇಲ್ಲ. ಊಟದ ಹೊತ್ತಿನಲ್ಲಿ, ಜನರಿಲ್ಲದ ಮಧ್ಯಾಹ್ನದಲ್ಲಿ ಮಲಗುತ್ತದೆ. ಜನರ ಸಮಯವೂ ಉಳಿಯಿತು, ವಿದ್ಯುತ್ತೂ ಉಳಿಯಿತು.

ಈಚಿನ ಹಲವು ಪ್ರಿಂಟರುಗಳಲ್ಲಿ ಫ್ಯೂಸರಿನ ಉರುಳೆಯ ಬದಲು ತೆಳುವಾದ ಪೊರೆ ಇರುತ್ತದೆ. ತೆಳುವಾದದ್ದು ಬೇಗ ಕಾಯುತ್ತದೆ. ದಪ್ಪ ಪಾತ್ರೆಗಿಂತ ತೆಳು ಪಾತ್ರೆ ಬೇಗ ಬಿಸಿಯಾಗುವುದನ್ನು ನೀವು ಅಡುಗೆಮನೆಯಲ್ಲಿ ನೋಡಿರಬಹುದು. ಇಂತಹ ಪ್ರಿಂಟರ್ ಕೆಲವೇ ಸೆಕೆಂಡಿನಲ್ಲಿ ಏಳುವುದರಿಂದ ಇನ್ನೂ ಕಡಿಮೆ ಸಮಯ ನಿಗದಿ ಮಾಡಬಹುದು.

ಸೆಟ್ಟಿಂಗ್ ಎಲ್ಲಿದೆ?

ಪ್ರಿಂಟರಿನ ಮೇಲಿರುವ ಗುಂಡಿಗಳಿಂದ 'ಮೆನು' ತೆರೆದರೆ 'ಸ್ಲೀಪ್', 'ಪವರ್ ಸೇವ್' ಅಥವಾ 'ಎನರ್ಜಿ ಸೇವರ್' ಎಂಬ ಹೆಸರು ಕಾಣುತ್ತದೆ. ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ. ಅದರೊಳಗೆ ಎಷ್ಟು ನಿಮಿಷ ಎಂದು ಆರಿಸಬಹುದು. ಗುಂಡಿ ಪರದೆಗಳಿಲ್ಲದ ಸಣ್ಣ ಪ್ರಿಂಟರಿಗೆ ಕಂಪ್ಯೂಟರಿನಿಂದಲೇ ಇದನ್ನು ಹೇಳಬೇಕಾಗುತ್ತದೆ.

ಕೆಲವು ಪ್ರಿಂಟರುಗಳಲ್ಲಿ 'ಆಟೋ ಆಫ್' ಎಂಬುದೂ ಇರುತ್ತದೆ. ಇದು ಕೋಳಿ ನಿದ್ದೆಯಲ್ಲ, ಗಾಢ ನಿದ್ದೆ. ಎಬ್ಬಿಸಲು ಗುಂಡಿ ಒತ್ತಬೇಕಾಗಬಹುದು. 'ಟೋನರ್ ಸೇವ್' ಎಂಬುದು ಬೇರೆ. ಅದು ಉಳಿಸುವುದು ಪುಡಿಯನ್ನು.

ಸಂಜೆ ಮನೆಗೆ ಹೋಗುವಾಗ ಏನು ಮಾಡಬೇಕು? ನಿದ್ದೆಯಲ್ಲೂ 3 ವ್ಯಾಟ್ ಬೇಕಲ್ಲವೇ? ಸಂಜೆ 5.30ರಿಂದ ಬೆಳಿಗ್ಗೆ 10ರವರೆಗೆ ಹದಿನಾರೂವರೆ ಗಂಟೆ. ವರ್ಷಕ್ಕೆ ಸುಮಾರು 18 ಯೂನಿಟ್ ಆಗುತ್ತದೆ. ಆದ್ದರಿಂದ ಮೊದಲು ಪ್ರಿಂಟರಿನ ಗುಂಡಿ ಒತ್ತಿ ಆರಿಸಿ, ಫ್ಯಾನಿನ ಸದ್ದು ನಿಂತ ಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸುವುದು ಒಳ್ಳೆಯದು.

ಶಾಯಿ ಸಿಂಪಡಿಸುವ ಇಂಕ್‌ಜೆಟ್ ಪ್ರಿಂಟರಿನಲ್ಲಿ ಫ್ಯೂಸರ್ ಇರುವುದಿಲ್ಲ. ಸುಮ್ಮನಿರುವಾಗ ಅದಕ್ಕೆ ಬೇಕಾಗುವ ವಿದ್ಯುತ್ ಬಹಳ ಕಡಿಮೆ. ಆದರೆ ಅದನ್ನು ನೇರವಾಗಿ ಗೋಡೆಯ ಸ್ವಿಚ್ಚಿನಿಂದ ಆರಿಸಬಾರದು. ಅದರ ಗುಂಡಿ ಒತ್ತಿ ಆರಿಸಿದಾಗ ಶಾಯಿಯ ಬಾಯಿಗೆ ಮುಚ್ಚಳ ಬೀಳುತ್ತದೆ. ಇಲ್ಲದಿದ್ದರೆ ಶಾಯಿ ಒಣಗಿ ರಂಧ್ರಗಳು ಕಟ್ಟಿಕೊಳ್ಳಬಹುದು.

ಕಾಗದವನ್ನು ಮರೆಯಬೇಡಿ. ನಮ್ಮ ಲೆಕ್ಕದ ಪ್ರಕಾರ 60 ಹಾಳೆಗೆ 20 ವ್ಯಾಟ್-ಗಂಟೆ. ಅಂದರೆ ಮುದ್ರಿಸಲು ಹಾಳೆಗೆ ಒಂದು ವ್ಯಾಟ್-ಗಂಟೆಯೂ ಬೇಡ. ಆದರೆ ಸುಮಾರು 5 ಗ್ರಾಂ ತೂಗುವ ಆ ಹಾಳೆಯನ್ನು ತಯಾರಿಸಲು ಅದರ ಎಷ್ಟೋ ಪಟ್ಟು ಶಕ್ತಿ ಖರ್ಚಾಗಿರುತ್ತದೆ. ಎರಡೂ ಬದಿ ಮುದ್ರಿಸುವ ಸೆಟ್ಟಿಂಗ್ ಇದ್ದರೆ ಅದನ್ನೂ ಬಳಸಬೇಕು.

ನಿಮಗೆ ಗೊತ್ತೇ?

* ವಿದ್ಯುತ್ ಉಳಿಸುವ ಯಂತ್ರಗಳನ್ನು ಗುರುತಿಸಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1992ರಲ್ಲಿ 'ಎನರ್ಜಿ ಸ್ಟಾರ್' ಎಂಬ ಗುರುತನ್ನು ಆರಂಭಿಸಿತು. ಮೊದಲು ಅದು ಕಂಪ್ಯೂಟರುಗಳಿಗೆ ಮತ್ತು ಅವುಗಳ ಪರದೆಗಳಿಗೆ ಇತ್ತು. ನಂತರ ಪ್ರಿಂಟರುಗಳಿಗೂ ಬಂತು. ಸುಮ್ಮನಿರುವಾಗ ಮಲಗುವುದೇ ಈ ಗುರುತು ಪಡೆಯಲು ಬೇಕಾದ ಮುಖ್ಯ ಗುಣವಾಗಿತ್ತು.
* ನಮ್ಮ ದೇಶದಲ್ಲಿ ಇಂಧನ ಸಂರಕ್ಷಣಾ ಕಾಯಿದೆ 2001ರಲ್ಲಿ ಬಂತು. ಫ್ರಿಜ್, ಫ್ಯಾನುಗಳ ಮೇಲೆ ನೀವು ನೋಡುವ ನಕ್ಷತ್ರದ ಚೀಟಿ 2006ರಲ್ಲಿ ಶುರುವಾಯಿತು.
* ಡಿಸೆಂಬರ್ 14 ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ.

ನೀವೇ ಮಾಡಿ

ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ನಾಲ್ಕು ಜನ ಸೇರಿ ಶಾಲೆಯ ಪ್ರಿಂಟರನ್ನು ಒಂದು ದಿನ ಗಮನಿಸಿ. ಶಾಲೆಯಲ್ಲಿ ಇಲ್ಲದಿದ್ದರೆ ಪಂಚಾಯಿತಿ ಕಚೇರಿಯಲ್ಲಿ ಕೇಳಿ ನೋಡಿ. ಒಂದು ಹಾಳೆಯಲ್ಲಿ ನಾಲ್ಕು ಕಲಂ ಮಾಡಿ: ಮುದ್ರಣ ಶುರುವಾದ ಹೊತ್ತು, ಎಷ್ಟು ಹಾಳೆ, ಮುಗಿದ ಹೊತ್ತು, ಎಷ್ಟು ನಿಮಿಷದ ನಂತರ ಮಲಗಿತು. ಸಂಜೆ ಕೂಡಿ ನೋಡಿ. ಪ್ರಿಂಟರ್ ಕೆಲಸ ಮಾಡಿದ್ದೆಷ್ಟು ಹೊತ್ತು, ಕಾದದ್ದೆಷ್ಟು, ಮಲಗಿದ್ದೆಷ್ಟು? ಮಲಗದೇ ಇದ್ದರೆ ಆ ಪಟ್ಟಿಯನ್ನು ಗುರುಗಳಿಗೆ ತೋರಿಸಿ ಸೆಟ್ಟಿಂಗ್ ಬಗ್ಗೆ ಮಾತನಾಡಿ.

ಎಚ್ಚರಿಕೆ: ಪ್ರಿಂಟರಿನ ಬಾಗಿಲು ತೆರೆದು ಒಳಗೆ ಕೈ ಹಾಕಬೇಡಿ. ಫ್ಯೂಸರ್ ಸುಡುತ್ತದೆ. ದೊಡ್ಡವರಿಗೆ ಹೇಳದೆ ಸೆಟ್ಟಿಂಗ್ ಬದಲಿಸಬೇಡಿ.

ಪ್ರಶ್ನೆಗಳು

1. ಟೋನರ್ ಪುಡಿಯನ್ನು ಬಿಸಿ ಮಾಡದಿದ್ದರೆ ಏನಾಗುತ್ತದೆ? ನಿಮ್ಮ ಸ್ಕೇಲಿನ ಪ್ರಯೋಗದ ಸಹಾಯದಿಂದ ವಿವರಿಸಿ.
2. ನಮ್ಮ ಉದಾಹರಣೆಯಲ್ಲಿ ನಿದ್ದೆಯ ಸಮಯವನ್ನು 5 ನಿಮಿಷದ ಬದಲು 30 ನಿಮಿಷಕ್ಕೆ ಇಟ್ಟರೆ ದಿನಕ್ಕೆ ಎಷ್ಟು ವ್ಯಾಟ್-ಗಂಟೆ ಬೇಕು? ಆಗಲೂ 12 ಸಲ ಮಲಗಿ ಏಳುತ್ತದೆ ಎಂದುಕೊಳ್ಳಿ.
3. ನಿಮ್ಮ ಮನೆಯಲ್ಲಿ ಕೆಲಸವಿಲ್ಲದಿದ್ದರೂ ವಿದ್ಯುತ್ ಎಳೆಯುತ್ತಾ ಕಾಯುವ ಸಾಧನಗಳು ಯಾವುವು? ಪಟ್ಟಿ ಮಾಡಿ.

(2ನೇ ಪ್ರಶ್ನೆಯ ಉತ್ತರ: ಮುದ್ರಣಕ್ಕೆ 20, ಏಳಲು 40, ಕಾಯಲು 360, ನಿದ್ದೆಗೆ ಸುಮಾರು 4. ಒಟ್ಟು 424 ವ್ಯಾಟ್-ಗಂಟೆ. ಮಲಗದೇ ಇದ್ದಾಗ ಬೇಕಾದದ್ದು 467. ಸಮಯ ಹೆಚ್ಚಾಗಿ ಇಟ್ಟರೆ ಉಳಿಯುವುದು ಎಷ್ಟು ಸ್ವಲ್ಪ, ನೋಡಿ!)